ಫುಮಿಕೊ ಸಾನ್ ಅವರ ಕೊನೆಯ ಪುಸ್ತಕ ಮತ್ತು ನನ್ನ ಬಲಗೈ

ನನಗೆ ಎದೆಯ ಕ್ಯಾನ್ಸರ್ ಎಂದು ತಿಳಿದ ಮೇಲೆ ಮಸ್ಕತ್ತಿನ ಹಮ್ರಿಯಾದ ನಮ್ಮ ಫ್ಲ್ಯಾಟಿಗೆ ಬಂದ ಹೆಂಗಸರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ತಾಯಿ ಕಡೆ ಯಾರಿಗಾದ್ರೂ ಉಂಟಾ?" ತಂದೆಯ ಕಡೆಯವರ ಬಗ್ಗೆ ಯಾರೂ ಕೇಳಲಿಲ್ಲ. ಮಗಳಿಗೆ ಒಳ್ಳೆಯ ಬಣ್ಣ ಬಂದರೆ ತಂದೆಯ ಕಡೆಯದು, ಕಾಯಿಲೆ ಬಂದರೆ ತಾಯಿಯ ಕಡೆಯದು ಎಂದು ನಮ್ಮಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಚಾ ಕುಡಿದು, "ಹೆದರ್ಬೇಡಿ, ಈಗ ಎಲ್ಲ ಗುಣ ಆಗ್ತದೆ" ಎಂದು ಹೇಳಿ ಹೋಗುತ್ತಿದ್ದರು. ಹಾಗೆ ಹೇಳುವವರ ಮುಖದಲ್ಲಿ ನನಗಿಂತ ಹೆಚ್ಚು ಹೆದರಿಕೆ ಇರುತ್ತಿತ್ತು.

ಬೇರೆ ಪ್ರಶ್ನೆ ಕೇಳಿದ್ದು ಫುಮಿಕೊ ಸಾನ್ ಒಬ್ಬರೇ. ಫೋನಿನಲ್ಲಿ ಸುದ್ದಿ ಹೇಳಿದಾಗ "ಯಾವ ಬದಿ?" ಎಂದರು.

"ಬಲ" ಎಂದೆ.

ಲೈನು ಹೋಯಿತೋ ಏನೋ ಎಂದು ನಾನು ಹಲೋ ಹಲೋ ಎಂದೆ. "ಇದ್ದೇನೆ" ಎಂದರು, ಫೋನು ಇಟ್ಟರು. ನನಗೆ ಮೈ ಉರಿಯಿತು. ಸಾಯುವವಳ ಹತ್ತಿರ ಕೈಯ ವಿಚಾರ ಕೇಳುತ್ತಾರಲ್ಲ ಈ ಹೆಂಗಸು ಎಂದು ಬೈದುಕೊಂಡೆ. ಆದರೆ ಡಾಕ್ಟರ ಕೋಣೆಯಿಂದ ಹೊರಗೆ ಬರುವಾಗ ನಾನು ನನ್ನೊಳಗೆ ಮೊದಲು ಕೇಳಿಕೊಂಡದ್ದೂ ಅದನ್ನೇ. ಬಲಗೈ ಉಳಿಯುತ್ತದಾ?

ಯಾಕೆಂದರೆ ಆ ಬಲಗೈಯಲ್ಲೇ ಫುಮಿಕೊ ಸಾನ್ ಅವರ ಪುಸ್ತಕಗಳು ಆಗುತ್ತಿದ್ದವು.

ಫುಮಿಕೊ ಸಾನ್ ಜಪಾನಿನವರು, ಸಾನ್ ಎನ್ನುವುದು ಅಲ್ಲಿ ಮರ್ಯಾದೆಯ ಮಾತು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವುದು ಅವರ ಕಸುಬು. ಆ ಚಿತ್ರಗಳೇ ಅವರ ದೇಶದಲ್ಲಿ ಮಕ್ಕಳ ಪುಸ್ತಕಗಳಾಗುತ್ತವೆ. ಮೀನು ಒಣಗಿಸುವ ಒಂದು ಸಣ್ಣ ಊರಿನಲ್ಲಿ ಹುಟ್ಟಿ, ಪಟ್ಟಣದ ಮುದುಕ ಗುರುವೊಬ್ಬರ ಹತ್ತಿರ ಕಲಿಯಲು ಹೋದರಂತೆ. ಆತ ಮೊದಲು ಉಳಿ ಮುಟ್ಟಲು ಬಿಡಲಿಲ್ಲವಂತೆ, ನೆಲ ಗುಡಿಸಲು, ಬ್ರಷ್ಷು ತೊಳೆಯಲು ಮಾತ್ರ. "ಬೈಗುಳ ತಿಂದು ಕಲಿತವಳು ನಾನು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅವರ ಮೊದಲ ಪುಸ್ತಕದಲ್ಲಿ ಒಬ್ಬಳು ಅಜ್ಜಿ, ಒಂದು ಬೆಕ್ಕು, ಹಗ್ಗದ ಮೇಲೆ ಒಣಗುವ ಬೊಂಡಾಸು ಮೀನು. ಅದು ಮಕ್ಕಳಿಗೆ ತುಂಬಾ ಹಿಡಿಸಿ ಹೆಸರು ಬಂತು. ಆಮೇಲೆ ಗಂಡನಿಗೆ ಇಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಕೆಲಸವಾಗಿ ಮಸ್ಕತ್ತಿಗೆ ಬಂದರು. ಇಲ್ಲಿಂದಲೇ ಪುಸ್ತಕ ಮಾಡಿದರು. ಬೆಕ್ಕಿನ ಜಾಗಕ್ಕೆ ಆಡು ಬಂತು, ಬೊಂಡಾಸಿನ ಜಾಗಕ್ಕೆ ಖರ್ಜೂರ.

ವಾದಿ ಕಬೀರಿನಲ್ಲಿ ನನ್ನ ಗಂಡ ಅಶ್ರಫ್ ಅವರ ಸ್ಪೇರ್ ಪಾರ್ಟ್ಸ್ ಅಂಗಡಿ. ಅದರ ಮೇಲಿನ ಕೋಣೆಯನ್ನು ಫುಮಿಕೊ ಸಾನ್ ಬಾಡಿಗೆಗೆ ಹಿಡಿದಿದ್ದರು. ಒಂದು ಮಧ್ಯಾಹ್ನ ಅಶ್ರಫ್ ಅವರಿಗೆ ಊಟ ಕೊಡಲು ಹೋದವಳು ಮೇಲೆ ಇಣುಕಿ ನೋಡಿದೆ. ಅಚ್ಚು ತೆಗೆಯುವ ಮೊದಲು ಕಾಗದವನ್ನು ಹದವಾಗಿ ನೆನೆಸಬೇಕು. ಒಮಾನಿನ ಸೆಕೆ, ಒಳಗಿನ ಏಸಿ, ಎರಡರ ನಡುವೆ ಅವರಿಗೆ ಹದ ಸಿಗುತ್ತಿರಲಿಲ್ಲ. ನಾನು ಉಳ್ಳಾಲದವಳು, ಉಮ್ಮನ ಪಕ್ಕದಲ್ಲಿ ಕೂತು ಬೀಡಿ ಕಟ್ಟಿ ಬೆಳೆದವಳು. ಬೀಡಿ ಎಲೆಗೆ ನೀರು ಹೆಚ್ಚಾದರೆ ಬೂಷ್ಟು, ಕಮ್ಮಿಯಾದರೆ ಪುಡಿ. ಕಾಗದವನ್ನು ಬೆರಳಲ್ಲಿ ಹಿಡಿದು ನೋಡಿ, "ಇದಕ್ಕೆ ನೀರು ಜಾಸ್ತಿ ಆಯ್ತು, ಗೋಣಿ ಅಡಿಯಲ್ಲಿ ಇಡಿ" ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದರು. ಮರುದಿನದಿಂದ ನಾನು ಅವರ ಕೆಲಸದವಳು.

ಚಿತ್ರ ಬರೆಯುವುದು, ಕೆತ್ತುವುದು ಅವರು. ಅಚ್ಚು ತೆಗೆಯುವುದು ನಾನು. ಅವರ ಭುಜ ಸವೆದು ಹೋಗಿತ್ತು, ಒತ್ತಿ ಉಜ್ಜಲು ಆಗುತ್ತಿರಲಿಲ್ಲ. ಬಿದಿರಿನ ಹಾಳೆ ಸುತ್ತಿದ ಅಂಗೈ ಅಗಲದ ದುಂಡನೆಯ ಒಂದು ಸಾಧನ ಉಂಟು, ಬರೆನ್ ಎನ್ನುತ್ತಾರೆ. ಹಲಗೆಗೆ ಬಣ್ಣ ಹಚ್ಚಿ, ಕಾಗದ ಇಟ್ಟು, ಅದರ ಬೆನ್ನಿನ ಮೇಲೆ ಬರೆನಿನಿಂದ ಮೈಯೆಲ್ಲ ಭಾರ ಹಾಕಿ ಉಜ್ಜಬೇಕು. ಒಂದು ಬಣ್ಣಕ್ಕೆ ಒಂದು ಹಲಗೆ, ಪ್ರತಿ ಹಲಗೆಗೂ ಮತ್ತೆ ಉಜ್ಜಬೇಕು. ಪುಸ್ತಕದ ಮೇಲೆ ಅವರೊಬ್ಬರ ಹೆಸರು. ಉಜ್ಜಿದವಳ ಹೆಸರು ಹಾಕುವುದು ಅವರಲ್ಲಿ ಕ್ರಮವಿಲ್ಲವಂತೆ. ಬೀಡಿ ಕಟ್ಟಿನ ಮೇಲೆ ನನ್ನ ಉಮ್ಮನ ಹೆಸರೂ ಇರುತ್ತಿರಲಿಲ್ಲ, ಹಾಗಾಗಿ ನನಗೆ ಅದು ಹೊಸದೇನೂ ಅನಿಸಲಿಲ್ಲ. ಬೇಜಾರು ಇರಲಿಲ್ಲ ಎಂದಲ್ಲ.

ಹೊಗಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನಾವು ಮಾತಾಡುತ್ತಿದ್ದದ್ದು ಹರಕು ಮುರುಕು ಇಂಗ್ಲಿಷು, ನಡುವೆ ಎರಡು ಮೂರು ಅರಬ್ಬಿ ಶಬ್ದ. "ನೀಲಿ ಹೆಚ್ಚು. ಮತ್ತೆ ಮಾಡು." "ಮೂಲೆಯಲ್ಲಿ ಕೈ ಸೋತಿದೆ. ಮತ್ತೆ ಮಾಡು." ಬೇಕಾದಷ್ಟು ಅಚ್ಚು ತೆಗೆದಾದ ಮೇಲೆ ಅವರದೊಂದು ಕ್ರಮ ಇತ್ತು. ಉಳಿ ತೆಗೆದುಕೊಂಡು ಹಲಗೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಆಳವಾಗಿ ಒಂದು ಗೀರು ಎಳೆಯುತ್ತಿದ್ದರು. ಇನ್ನು ಯಾರೂ ಅದರಿಂದ ಅಚ್ಚು ತೆಗೆಯಬಾರದು ಎಂದು. ಎಳೆದು, "ಖಲಾಸ್" ಎಂದು ಕೈ ಝಾಡಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಕೈ ಅಡ್ಡ ಹಿಡಿಯಲು ಹೋಗಿದ್ದೆ.

ಹೀಗಿರುವಾಗ ನನ್ನ ಕಂಕುಳಲ್ಲಿ ಒಂದು ಗಂಟು ಸಿಕ್ಕಿತು. ಉಜ್ಜುವಾಗ ಎಳೆಯುತ್ತಿತ್ತು. ಫುಮಿಕೊ ಸಾನ್ ಮುಟ್ಟಿ ನೋಡಿ, "ಇದು ಅಚ್ಚಿನವರ ಗಂಟು. ನನಗೂ ಭುಜದಲ್ಲಿ ಇತ್ತು" ಎಂದು ಜಪಾನಿನಿಂದ ತಂದ ನೋವಿನ ಪಟ್ಟಿ ಅಂಟಿಸಿದರು. ನನಗೆ ಒಳಗೊಳಗೆ ಖುಷಿಯಾಯಿತು. ಕಸುಬುದಾರರಿಗೆ ಬರುವ ಗಂಟು ನನಗೂ ಬಂತಲ್ಲ ಎಂದು! ಬುದ್ಧಿ ಎಷ್ಟು ಮಂಕಾಗಿತ್ತು ನೋಡಿ. ಆ ಪಟ್ಟಿ ಅಂಟಿಸಿಕೊಂಡು, ಬಿಸಿ ಶಾಖ ಕೊಟ್ಟುಕೊಂಡು ಒಂದು ಇಡೀ ಪುಸ್ತಕ ಮುಗಿಸಿದೆವು. ಇದನ್ನು ಓದುವ ಹೆಂಗಸರಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ. ಕಂಕುಳ ಗಂಟನ್ನು ಡಾಕ್ಟರಿಗೆ ತೋರಿಸಿ, ಜೊತೆ ಕೆಲಸದವರಿಗೆ ತೋರಿಸಬೇಡಿ.

ಕೊನೆಗೆ ತೋರಿಸಿ, ಪರೀಕ್ಷೆಯ ರಿಪೋರ್ಟ್ ಬಂದ ದಿನ ಡಾಕ್ಟರು ಕಂಪ್ಯೂಟರನ್ನು ತಿರುಗಿಸಿದ್ದು ಅಶ್ರಫ್ ಅವರ ಕಡೆಗೆ. "ಸರ್, ಕೂಡಲೇ ಆಪರೇಷನ್ ಆಗ್ಬೇಕು, ಸರ್." ಎದೆ ನನ್ನದು, ಸರ್ ಇವರು. ಊರಿಗೆ ಹೋಗುವುದೋ ಇಲ್ಲೇ ಮಾಡಿಸುವುದೋ ಎಂಬ ಪ್ರಶ್ನೆ ಬಂತು. ಮಂಗಳೂರಿನಲ್ಲಾದರೆ ಉಮ್ಮ ಇದ್ದಾರೆ. ಇಲ್ಲಿ ಅಂಗಡಿ ಉಂಟು, ಮಗಳು ಸನಾಳ ಶಾಲೆ ಉಂಟು. ಇವರು ಅಣ್ಣಂದಿರಿಗೆ ಫೋನು ಮಾಡಿದರು, ಅಣ್ಣಂದಿರು ಮಾವನಿಗೆ ಮಾಡಿದರು. ಎಲ್ಲ ಸೇರಿ ಇಲ್ಲೇ ಎಂದು ನಿಶ್ಚಯವಾಯಿತು. ನನಗೆ ತಿಳಿದದ್ದು ಸನಾಳಿಂದ. "ಉಮ್ಮಾ, ಇಟ್ಸ್ ಹಿಯರ್ ಓನ್ಲಿ. ಡ್ಯಾಡಿ ಟೋಲ್ಡ್" ಎಂದಳು.

ಆಪರೇಷನ್ ಆಯಿತು. ಬಲ ಎದೆ ತೆಗೆದರು, ಕಂಕುಳ ಗಂಟುಗಳನ್ನು ತೆಗೆದರು. ಗಂಟು ತೆಗೆದ ಕೈಗೆ ನೀರು ತುಂಬಿ ಊದಿಕೊಳ್ಳಬಹುದು, ಆ ಕೈಗೆ ಸೂಜಿ ಚುಚ್ಚಬಾರದು, ಭಾರ ಎತ್ತಬಾರದು ಎಂದರು. ನನ್ನ ಕೈ ಊದಿಕೊಂಡಿತು. ಬಳೆ ಕತ್ತರಿಸಿ ತೆಗೆಯಬೇಕಾಯಿತು. ಎದೆ ಹೋದದ್ದಕ್ಕೆ ಒಂದು ಸಲ ಅತ್ತೆ. ಕೈಗೆ ಅತ್ತದ್ದಕ್ಕೆ ಲೆಕ್ಕವಿಲ್ಲ. ಇದನ್ನು ಹೇಳಿದರೆ ಜನ ವಿಚಿತ್ರವಾಗಿ ನೋಡುತ್ತಾರೆ, ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಕೀಮೋ ಶುರುವಾಗಿ ಕೂದಲು ಉದುರಿದಾಗ ಪಕ್ಕದ ಫ್ಲ್ಯಾಟಿನವರು ಸಮಾಧಾನ ಹೇಳಿದರು. "ನೀವು ಹೇಗೂ ತಲೆಗೆ ಬಟ್ಟೆ ಹಾಕ್ತೀರಲ್ಲಾ, ಯಾರಿಗೂ ಗೊತ್ತಾಗ್ಲಿಕ್ಕಿಲ್ಲ." ಗಾಯಕ್ಕೆ ಉಪ್ಪು ಸವರುವುದನ್ನೂ ಇಷ್ಟು ಪ್ರೀತಿಯಿಂದ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಕಾಯುವ ಹಾಲ್‌ನಲ್ಲಿ ಮಾತ್ರ ಉಸಿರಾಡಲು ಆಗುತ್ತಿತ್ತು. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಬುರೈಮಿಯಿಂದ ಬರುತ್ತಿದ್ದ ಒಬ್ಬರು ಒಮಾನಿ ಅಜ್ಜಿ ಇದ್ದರು. ಅಷ್ಟು ದೂರದಿಂದ ಫ್ಲಾಸ್ಕಿನಲ್ಲಿ ಕಾವಾ, ಇಲ್ಲಿನ ಏಲಕ್ಕಿ ಕಾಫಿ, ತಂದು ಎಲ್ಲರಿಗೂ ಸಣ್ಣ ಬಟ್ಟಲಲ್ಲಿ ಹೊಯ್ಯುತ್ತಿದ್ದರು. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕು, ಇಲ್ಲದಿದ್ದರೆ ಹೊಯ್ಯುತ್ತಲೇ ಇರುತ್ತಾರೆ. ಇಷ್ಟು ವರ್ಷ ಇಲ್ಲಿದ್ದವಳಿಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ನಾನು ಅಲ್ಲಾಡಿಸದೆ ಕೂತಿರುತ್ತಿದ್ದೆ. ಬಾಯಲ್ಲಿ ಕಬ್ಬಿಣದ ರುಚಿ, ಕಾವಾದ ಏಲಕ್ಕಿಯೂ ತಿಳಿಯುತ್ತಿರಲಿಲ್ಲ. ಆದರೂ ಒಬ್ಬರು ನನ್ನ ಉತ್ತರಕ್ಕೆ ಕಾಯುತ್ತಾರಲ್ಲ ಎಂಬುದೇ ನನಗೆ ಬೇಕಿತ್ತು.

ಆಪರೇಷನ್‌ಗೆ ಮೊದಲು ಫುಮಿಕೊ ಸಾನ್ ಹೊಸ ಪುಸ್ತಕದ ಹಲಗೆಗಳನ್ನೆಲ್ಲ ಕೆತ್ತಿ ಮುಗಿಸಿದ್ದರು. ವಾದಿಯಲ್ಲಿ, ಅಂದರೆ ಇಲ್ಲಿನ ಒಣ ಹೊಳೆಯಲ್ಲಿ, ಮಳೆ ಬಂದು ಕಲ್ಲುಗಳ ನಡುವೆ ಒಮ್ಮೆಲೇ ಹುಲ್ಲು ಚಿಗುರುವ ಕಥೆ. ಒಂದು ಮುದಿ ಆಡು, ಸ್ಕೂಲ್ ಬಸ್ಸಿಗೆ ಕಾಯುವ ಒಂದು ಹುಡುಗಿ. ಆ ಹುಡುಗಿಯ ಮೂಗು ನಮ್ಮ ಸನಾಳ ಮೂಗೇ. ಇದೇ ನನ್ನ ಕೊನೆಯ ಪುಸ್ತಕ, ಗಂಡನ ಕೆಲಸ ಮುಗಿಯುತ್ತದೆ, ನಾವು ಹೊರಡುತ್ತೇವೆ ಎಂದು ಅವರು ಹೇಳಿದ್ದರು. ನಾನು ಹುಷಾರಾಗಿ ಬಂದು ಅಚ್ಚು ತೆಗೆಯುವುದೆಂದು ನನ್ನ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ಅದು ಕೇಳುವ ವಿಷಯ ಅನಿಸಿರಲಿಲ್ಲ.

ವಾಂತಿ ಮಾಡುವಾಗ ನಾನು ಆ ಆಡಿನ ಬಣ್ಣ ಯೋಚಿಸುತ್ತಿದ್ದೆ. ಹುಲ್ಲಿಗೆ ಯಾವ ಹಸಿರು, ಬಣ್ಣಕ್ಕೆ ಎಷ್ಟು ಅಂಟು ಬೆರೆಸಬೇಕು. ವ್ಯಾಯಾಮ ಕಲಿಸುತ್ತಿದ್ದ ಒಮಾನಿ ಹುಡುಗಿಗೆ ಅಚ್ಚಿನ ವಿಷಯ ವಿವರಿಸಿ, ಉಜ್ಜಬಹುದಾ ಎಂದು ಕೇಳಿದ್ದೆ. ಅವಳು ಬಿಗಿಯಾದ ಸ್ಲೀವ್ ಒಂದನ್ನು ಕೈಗೆ ಏರಿಸಿ, "ಶ್ವೈ ಶ್ವೈ" ಎಂದಳು. ಮೆಲ್ಲ ಮೆಲ್ಲ, ಊದಿದರೆ ನಿಲ್ಲಿಸು ಎಂದು. ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಹಲ್ಲಿಯ ಹಾಗೆ ಮೇಲೆ ಹತ್ತಿಸುತ್ತಿದ್ದೆ. ಮುಟ್ಟಿದಲ್ಲಿ ಪೆನ್ಸಿಲಿನ ಗುರುತು ಮಾಡುತ್ತಿದ್ದೆ. ಗುರುತು ಏರಿದಂತೆ ಅಶ್ರಫ್ ಖುಷಿಪಟ್ಟರು. "ಇನ್ನು ಮೇಲಿನ ಶೆಲ್ಫಿನ ಡಬ್ಬ ನೀನೇ ತೆಗಿಬಹುದು, ಮಾರಾಯ್ತಿ!" ನಾನು ಡಬ್ಬಕ್ಕಾಗಿ ಹತ್ತುತ್ತಿದ್ದೇನೆ ಎಂದುಕೊಂಡಿದ್ದರು ಪಾಪ.

ಈ ನಡುವೆ ಫುಮಿಕೊ ಸಾನ್ ಬದಲಾದರು. ಒಂದು ದಿನ ಎಡಗೈಯಲ್ಲಿ ಒಂದು ಆಡು ಗೀಚಿ ಫೋಟೋ ಕಳಿಸಿದೆ. ಆಡಿಗೆ ಕಾಲು ಐದೋ ನಾಲ್ಕೋ ತಿಳಿಯದ ಹಾಗಿತ್ತು. "ತುಂಬಾ ಸುಂದರ. ತುಂಬಾ ಒಳ್ಳೆಯದು" ಎಂದು ಬರೆದರು. ಕೆಳಗೆ ಹೂವಿನ ಚಿತ್ರ. ಅಲ್ಲಿಂದ ಏನು ಕಳಿಸಿದರೂ ಸುಂದರ, ಒಳ್ಳೆಯದು, ಹೂವು. ಕೂದಲು ಹೋದಾಗಲೂ ಆಗದ ಹೆದರಿಕೆ ಆಗ ಆಯಿತು. ಈ ಬಾಯಿಯಿಂದ ಹೊಗಳಿಕೆ ಬಂದರೆ ಅವರು ನನ್ನ ಕೈ ಬಿಟ್ಟಿದ್ದಾರೆ ಎಂದೇ ಅರ್ಥ.

ರೇಡಿಯೇಷನ್ನೂ ಮುಗಿದು ಸ್ವಲ್ಪ ಬಲ ಬಂದ ಮೇಲೆ ಯಾರಿಗೂ ಹೇಳದೆ ಟ್ಯಾಕ್ಸಿ ಹಿಡಿದು ವಾದಿ ಕಬೀರಿಗೆ ಹೋದೆ. ಸ್ಲೀವ್ ಹಾಕಿಕೊಂಡಿದ್ದೆ. ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಒಳಗೆ ಎಲ್ಲ ಪೆಟ್ಟಿಗೆಗೆ ತುಂಬಿ ಟೇಪು ಹಚ್ಚಿಟ್ಟಿದ್ದರು. ಗೋಡೆಗೆ ಒರಗಿಸಿದ್ದ ಹಲಗೆಗಳು ಮಾತ್ರ ಹೊರಗಿದ್ದವು. ಆಡಿನ ಹಲಗೆ, ಹುಡುಗಿಯ ಹಲಗೆ, ಹುಲ್ಲಿನ ಹಲಗೆ. ಒಂದೊಂದರ ಮೇಲೂ ಈ ಮೂಲೆಯಿಂದ ಆ ಮೂಲೆಗೆ ಗೀರು.

"ಅಚ್ಚು ತೆಗೆದಾಯ್ತಾ?" ಎಂದೆ. "ಯಾರು ತೆಗೆದದ್ದು?"

"ಯಾರೂ ಇಲ್ಲ" ಎಂದರು ಫುಮಿಕೊ ಸಾನ್.

"ಮತ್ತೆ ಯಾಕೆ?"

ಅವರು ನೆಟ್ಟಗೆ ಕೂತರು. "ನಿನ್ನ ಗಂಡ ಬಂದು ಹೇಳಿದರು. ನಸೀಮಾ ಇನ್ನು ಈ ಕೆಲಸ ಮಾಡುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರು. ನನಗೆ ಬೇರೆ ಕೈ ಬೇಡ. ಪ್ರಕಾಶಕರಿಗೆ ಪುಸ್ತಕ ಇಲ್ಲ ಎಂದು ಬರೆದೆ. ನಿನ್ನ ಕೈ ಮುಗಿದರೆ ನನ್ನ ಕೆಲಸವೂ ಮುಗಿಯಿತು. ಖಲಾಸ್." ಹೇಳಿ ತಲೆ ಬಾಗಿಸಿದರು. ಅವರ ಪ್ರಕಾರ ಅದು ನನಗೆ ಮಾಡಿದ ದೊಡ್ಡ ಮರ್ಯಾದೆ. ಒಂದು ಇಡೀ ಜೀವನದ ಕೆಲಸವನ್ನು ನನ್ನ ಕೈಯ ಜೊತೆ ಹೂತಿದ್ದರು.

ನನಗೆ ಆ ಮರ್ಯಾದೆ ಬೇಕಿರಲಿಲ್ಲ. ನನಗೆ ಹುಲ್ಲಿನ ಹಲಗೆ ಬೇಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ತುತ್ತನ್ನು ಇಬ್ಬರು ಸೇರಿ, ಇಬ್ಬರೂ ನನ್ನ ಒಳ್ಳೆಯದಕ್ಕೆಂದೇ, ಕಸಿದು ಬಿಸಾಡಿದ್ದರು.

"ನನ್ನನ್ನು ಕೇಳಬೇಕಿತ್ತು" ಎಂದೆ. ಬಹಳ ಜೋರಾಗಿ ಹೇಳಿದೆನೆಂದು ಕಾಣುತ್ತದೆ, ಕೆಳಗೆ ಗ್ಯಾರೇಜಿನ ಸುತ್ತಿಗೆಯ ಸದ್ದು ಒಮ್ಮೆ ನಿಂತಿತು. ತೋಳು ಮೇಲೆತ್ತಿ ಸ್ಲೀವ್ ತೋರಿಸಿದೆ. ಕಿವಿ ದಾಟಿ ತಲೆಯ ಮೇಲಿನ ತನಕ ಎತ್ತಿದೆ. ಅವರು ಅದನ್ನು ನೋಡಿದರು, ಹಲಗೆಗಳನ್ನು ನೋಡಿದರು. ಆಮೇಲೆ ಅವರ ಮುಖ ಕೆಟ್ಟಿತು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಕನಿಕರ ಬರಲಿಲ್ಲ.

ಮನೆಗೆ ಬಂದು ಅಶ್ರಫ್ ಅವರ ಹತ್ತಿರ ಕೇಳಿದೆ. ನಮ್ಮ ಮನೆಮಾತು ಬ್ಯಾರಿ, ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಇಳಿಯುತ್ತದೆ.

"ನೀವು ಎಂತಕ್ಕೆ ಅವರ ಹತ್ರ ಹೋಗಿ ಹಾಗೆ ಹೇಳಿದ್ದು?"

"ನಿನ್ನ ಒಳ್ಳೇದಕ್ಕೇ ಅಲ್ವಾ? ಕೈ ಊದಿಸಿಕೊಂಡು ಪುನಃ ಅದೇ ಕೆಲಸಕ್ಕೆ ಹೋಗ್ಲಿಕ್ಕೆ ಉಂಟಾ?"

"ನನ್ನ ಹತ್ರ ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಹೋಗ್ತೇನೆ ಅಂತಿದ್ದೆ."

"ಹೌದು. ಹೋಗ್ತೇನೆ ಅಂತಿದ್ದೆ."

ಅವರು ಟಿವಿಯ ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಕೂತರು. "ಆ ಕೆಲಸದಿಂದಲೇ ನಿನಗೆ ಹೀಗಾದದ್ದು ಅಂತ ನಾನು ಗ್ರಹಿಸಿದ್ದು. ನೀನು ಸತ್ತು ಹೋಗ್ತಿ ಅಂತ ಹೆದರಿದ್ದೆ, ನಸೀಮಾ" ಎಂದರು. ಅದು ಸುಳ್ಳಲ್ಲ. ಆಸ್ಪತ್ರೆಯ ಬಾತ್‌ರೂಮಿನಲ್ಲಿ ನನ್ನ ವಾಂತಿ ತೊಳೆದದ್ದು ಇದೇ ಮನುಷ್ಯ, ಮುಖ ಸಿಂಡರಿಸದೆ. ಆದರೂ ನಾನು ಈಗಲೂ ಪೂರ್ತಿ ಕ್ಷಮಿಸಿಲ್ಲ. ನಾನು ಸಾಯಬಾರದು ಎಂದು ಎಲ್ಲರೂ ಬಯಸಿದರು, ಬದುಕಿ ಏನು ಮಾಡುತ್ತಿ ಎಂದು ಒಬ್ಬರೂ ಕೇಳಲಿಲ್ಲ.

ಫುಮಿಕೊ ಸಾನ್ ಹೋದರು. ಹೋಗುವ ಮೊದಲು ಹಲಗೆಗಳನ್ನು, ಉಳಿದ ಕಾಗದ, ಬಣ್ಣಗಳನ್ನು, ತಮ್ಮ ಗುರು ಕೊಟ್ಟ ಹಳೆಯ ಬರೆನನ್ನು ನಮ್ಮ ಮನೆಗೆ ಕಳಿಸಿದರು. ಏನೂ ಬರೆದಿರಲಿಲ್ಲ. ಪೆಟ್ಟಿಗೆ ಬಹಳ ದಿನ ಮಂಚದ ಅಡಿಯಲ್ಲೇ ಇತ್ತು. ನೋಡಲು ಬಂದ ಒಬ್ಬರು ಗೀರಿದ ಹಲಗೆ ನೋಡಿ, "ಇದು ನಿಮ್ಮ ಆಪರೇಷನ್ ಗಾಯದ ಹಾಗೇ ಉಂಟಲ್ಲಾ, ಎಷ್ಟು ಅರ್ಥ ಉಂಟು ಇದ್ರಲ್ಲಿ" ಎಂದರು. ಒಂದು ಅರ್ಥವೂ ಇಲ್ಲ. ಗಾಯ ನನ್ನ ಜೀವ ಉಳಿಸಲು ಮಾಡಿದ್ದು, ಗೀರು ಒಳ್ಳೆಯ ಹಲಗೆಯನ್ನು ಹಾಳು ಮಾಡಿದ್ದು.

ಕೊನೆಗೆ ಒಂದು ಶುಕ್ರವಾರ, ಅಶ್ರಫ್ ಜುಮಾ ನಮಾಜಿಗೆ ಹೋದಾಗ, ಹುಲ್ಲಿನ ಹಲಗೆ ತೆಗೆದೆ. ಹಿಂದಿನ ದಿನವೇ ಕಾಗದ ನೆನೆಸಿಟ್ಟಿದ್ದೆ. ಊಟದ ಮೇಜಿನ ಮೇಲೆ ಹಳೆಯ ಚಾದರ ಹಾಸಿ, ಸ್ಲೀವ್ ಏರಿಸಿ, ಹಸಿರು ಕಲಸಿ ಉಜ್ಜಿದೆ. ಮೆಲ್ಲ ಮೆಲ್ಲ, ನಡುನಡುವೆ ಕೂತು. ಹುಲ್ಲು, ಆಮೇಲೆ ಆಡು, ಆಮೇಲೆ ಹುಡುಗಿ. ಚಿತ್ರದ ಮೇಲೆ ಬಿಳಿಯ ಅಡ್ಡ ಗೆರೆಗಳು ಹಾಗೇ ಬಂದವು. ಹುಡುಗಿಯ ಮೂಗಿನ ಮೇಲೆಯೇ ಒಂದು ಹಾದುಹೋಗಿತ್ತು. ಸನಾ ಬಂದು ನೋಡಿ, "ಉಮ್ಮಾ, ಇಟ್ಸ್ ಸ್ಪಾಯ್ಲ್ಡ್" ಎಂದಳು. ಹೌದು, ಹಾಳಾಗಿದೆ ಎಂದೆ. ಕೆಳಗಿನ ಅಂಚಿನಲ್ಲಿ, ಫುಮಿಕೊ ಸಾನ್ ತಮ್ಮ ಹೆಸರು ಬರೆಯುತ್ತಿದ್ದ ಜಾಗದಲ್ಲಿ, ಪೆನ್ಸಿಲಿನಿಂದ ನಸೀಮಾ ಎಂದು ಕನ್ನಡದಲ್ಲಿ ಬರೆದೆ. ಫೋಟೋ ತೆಗೆದು ಜಪಾನಿಗೆ ಕಳಿಸಿದೆ. ಸಿಟ್ಟಿನಿಂದಲೇ ಕಳಿಸಿದ್ದು. ನೋಡಲಿ, ಏನು ಹಾಳು ಮಾಡಿದ್ದಾರೆಂದು ನೋಡಲಿ ಎಂದು.

ಎರಡು ದಿನ ಉತ್ತರ ಬರಲಿಲ್ಲ. ಮತ್ತೆ ಹೂವು ಕಳಿಸಿದರೆ ಈ ನಂಬರನ್ನೇ ಅಳಿಸಿಹಾಕುತ್ತೇನೆ ಎಂದುಕೊಂಡೆ. ಮೂರನೆಯ ದಿನ ಅಡಿಗೆ ಮಾಡುತ್ತಿದ್ದಾಗ ಫೋನು ಸದ್ದು ಮಾಡಿತು. ಹೆಸರಿನ ವಿಷಯ ಅವರು ಎತ್ತಿರಲಿಲ್ಲ. ಗೀರಿನ ವಿಷಯವೂ ಇಲ್ಲ, ಕ್ಷಮೆಯೂ ಇಲ್ಲ.

"ಹಸಿರು ಹೆಚ್ಚು. ಎಡ ಮೂಲೆಯಲ್ಲಿ ಕೈ ಸೋತಿದೆ. ಮತ್ತೆ ಮಾಡು."

ಅಶ್ರಫ್ ನನ್ನ ಭುಜದ ಮೇಲಿಂದ ಓದಿದರು. "ಎಂತದಿದು? ಇಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಬೈಯುದಾ ಅವರು?"

"ಹೌದು, ಬೈದಿದ್ದಾರೆ" ಎಂದೆ. ಅದನ್ನು ಇನ್ನೊಮ್ಮೆ ಓದಿದೆ.

ಒಲೆ ಆರಿಸಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಸಿರು ಹೆಚ್ಚಾಗಿತ್ತು. ಮಂಚದ ಅಡಿಯಿಂದ ಪೆಟ್ಟಿಗೆ ಎಳೆದು, ಮರುದಿನಕ್ಕೆಂದು ಕಾಗದ ನೆನೆಸಿಟ್ಟೆ.